ಎರಡು ಅಂದಳು, ಎಂಟು ಅಂದೆ

ನನ್ನ ಹೆಂಡತಿಗೆ ಡಯಾಲಿಸಿಸ್ ಶುರುವಾಗಿ ಒಂದು ವರ್ಷ ಕಳೆದಿತ್ತು. ದೀಪಾವಳಿ ಮುಗಿದ ವಾರ, ಒಬ್ಬ ಹುಡುಗಿ ಕೈಯಲ್ಲಿ ಪ್ಯಾಡು ಹಿಡಿದುಕೊಂಡು ಅವಳ ಮಂಚದ ಹತ್ತಿರ ಬಂದು ನಿಂತಳು. ವಡಾಲದಲ್ಲಿ ಒಂದು ಟ್ರಸ್ಟಿನವರು ನಡೆಸುವ ಸಣ್ಣ ಕೇಂದ್ರ ಅದು. ಒಂದೇ ದೊಡ್ಡ ಹಾಲ್, ಹನ್ನೆರಡು ಮಂಚ, ಪ್ರತಿ ಮಂಚದ ಪಕ್ಕದಲ್ಲಿ ಆಳೆತ್ತರದ ಒಂದು ಯಂತ್ರ. ಮಂಗಳವಾರ ಮತ್ತು ಶುಕ್ರವಾರ ಹನ್ನೊಂದು ಗಂಟೆಗೆ ಮಲಗಿದರೆ ಮೂರು ಗಂಟೆಯವರೆಗೆ ಅವಳ ರಕ್ತ ಆ ಯಂತ್ರದೊಳಗೆ ಹೋಗಿ ತೊಳೆದುಕೊಂಡು ಬರುತ್ತಿತ್ತು. ನಾನು ಪಕ್ಕದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಪೇಪರು ಓದುತ್ತಿದ್ದೆ.

ಹುಡುಗಿ ಮನಃಶಾಸ್ತ್ರ ಓದುತ್ತಿದ್ದಳು. ಬಹಳ ದಿನದ ಕಾಯಿಲೆ ಇರುವವರು ತಮ್ಮ ಬದುಕಿನಲ್ಲಿ ಎಷ್ಟು ಸಂತೋಷವಾಗಿದ್ದಾರೆ ಎಂದು ತಿಳಿಯುವ ಅಧ್ಯಯನ ಅಂದಳು. ಐದೇ ಪ್ರಶ್ನೆ, ಪ್ರತಿಯೊಂದಕ್ಕೂ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ ಹೇಳಬೇಕು. ತಿಂಗಳಿಗೊಮ್ಮೆ ಕೇಳುತ್ತಾರೆ. ಅಂಕಿ ತೀರಾ ಕೆಳಗಿದ್ದವರನ್ನು ಕೇಂದ್ರದ ಕೌನ್ಸೆಲರ್ ಹೆಂಗಸು, ಎಲ್ಲರೂ ಬಾಯಿ ಅನ್ನುವವರು, ಕರೆದು ಮಾತಾಡಿಸುತ್ತಾರೆ. ಹಾಳೆ ಹಿಂದಿ, ಮರಾಠಿ, ಇಂಗ್ಲಿಷಿನಲ್ಲಿತ್ತು. ನನ್ನ ಹೆಂಡತಿ ವಿಜಯಪುರದ ಕಡೆಯವಳು. ಸಯನ್ನಿನ ನಮ್ಮ ಮನೆಯಲ್ಲಿ ಕನ್ನಡ, ಬಿಲ್ಡಿಂಗಿನ ಅಕ್ಕಪಕ್ಕದಲ್ಲಿಯೂ ನಾಲ್ಕು ಕನ್ನಡದ ಮನೆ. ಹಿಂದಿಯಲ್ಲಿ ಅವಳು ನಾಲ್ಕು ಮಾತು ಆಡಿದ್ದನ್ನು ನಾನು ಕೇಳಿದ್ದು ಕಡಿಮೆ.

"ಅಂಕಲ್, ಆಪ್ ಪೂಛ್ ಲೀಜಿಯೆ ನಾ," ಅಂದಳು ಹುಡುಗಿ. ನೀವೇ ಕೇಳಿ ಹೇಳಿಬಿಡಿ ಎಂದು.

ಹಾಗೆ ನಾನು ದುಭಾಷಿಯಾದೆ.

ಮೊದಲ ಪ್ರಶ್ನೆ: ಎಲ್ಲ ಸೇರಿಸಿ ನೋಡಿದರೆ ಈಗಿನ ನಿಮ್ಮ ಬದುಕಿನ ಬಗ್ಗೆ ನಿಮಗೆ ಎಷ್ಟು ತೃಪ್ತಿಯಿದೆ? ತೃಪ್ತಿ ಎಂಬ ಮಾತು ಊಟ ಮುಗಿದ ಮೇಲೆ ಕೇಳುವಂತೆ ಅನ್ನಿಸಿ ನಾನು ಬದಲಾಯಿಸಿದೆ.

"ಈಗ ನಿನ್ನ ಮನಸ್ಸಿಗೆ ಎಷ್ಟು ಸಮಾಧಾನ ಐತಿ ಅಂತ ಕೇಳಾಕತ್ತಾಳ. ಹತ್ತರಾಗ ಎಷ್ಟು?"

ಅವಳು ಕಣ್ಣು ಮುಚ್ಚಿಕೊಂಡಿದ್ದಳು. ತೆರೆಯದೆ ಹೇಳಿದಳು. "ಎರಡ ಅನ್ರಿ."

ನಾನು ಹುಡುಗಿಯ ಕಡೆ ತಿರುಗಿ, "ಆಠ್," ಅಂದೆ, ಎಂಟು.

ಯಾಕೆ ಹಾಗೆ ಅಂದೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಪಕ್ಕದ ಮಂಚದಲ್ಲಿ ಉಡುಪಿ ಕಡೆಯ ಹೋಟೆಲಿನವರೊಬ್ಬರು ಮಲಗಿದ್ದರು, ಅವರಿಗೆ ಕೇಳಿಸುತ್ತದೆ ಎಂದು ಇರಬಹುದು. ಎದುರಿಗೆ ನಿಂತ ಅಪರಿಚಿತ ಹುಡುಗಿ, ನಾನು ಹೆಂಡತಿಯನ್ನು ಸರಿಯಾಗಿ ನೋಡಿಕೊಳ್ಳುತ್ತಿಲ್ಲ ಎಂದು ತಿಳಿಯಬಹುದು ಎಂಬುದೂ ಇತ್ತು. ಆದರೆ ಇವೆಲ್ಲ ಆಮೇಲೆ ಹುಡುಕಿದ ಕಾರಣಗಳು. ಆ ಕ್ಷಣದಲ್ಲಿ ನಾನು ಯೋಚಿಸಲೇ ಇಲ್ಲ. ಮೂವತ್ತು ವರ್ಷ ಬಂದರಿನ ಹತ್ತಿರದ ಒಂದು ಕ್ಲಿಯರಿಂಗ್ ಆಫೀಸಿನಲ್ಲಿ ಕೆಲಸ ಮಾಡಿದವನು ನಾನು. ಹಡಗಿನಿಂದ ಇಳಿದ ಸರಕಿನ ಕಾಗದ ತುಂಬುವುದೇ ವೃತ್ತಿ. ಯಾವ ಕಾಲಮ್ಮಿನಲ್ಲಿ ಏನು ಬರೆದರೆ ಕಸ್ಟಮ್ಸ್ ಸಾಹೇಬ ಪ್ರಶ್ನೆ ಕೇಳದೆ ಮುದ್ರೆ ಒತ್ತುತ್ತಾನೆ, ಯಾವುದು ಬರೆದರೆ ಪೆಟ್ಟಿಗೆ ಒಡೆಸಿ ನೋಡುತ್ತಾನೆ ಎಂಬುದು ಕೈಗೇ ಗೊತ್ತಿತ್ತು. ಎರಡು ಎಂದರೆ ಪೆಟ್ಟಿಗೆ ಒಡೆಸುವ ಅಂಕಿ.

ಉಳಿದ ನಾಲ್ಕೂ ಹಾಗೇ ಆದವು. ಕಳೆದ ಎರಡು ವಾರ ಮನಸ್ಸು ಹಗುರವಾಗಿತ್ತೇ? ಅವಳು ಮೂರು ಅಂದಳು, ನಾನು ಏಳು ಅಂದೆ. ಬೆಳಿಗ್ಗೆ ಎದ್ದಾಗ ದಿನ ಶುರುಮಾಡುವ ಮನಸ್ಸಾಗುತ್ತದೆಯೇ? ಎರಡು, ಏಳು. ಮುಂದಿನ ದಿನಗಳ ಬಗ್ಗೆ ಭರವಸೆ ಇದೆಯೇ ಎಂಬುದಕ್ಕೆ ಅವಳು ಉತ್ತರವನ್ನೇ ಕೊಡಲಿಲ್ಲ, ನಾನು ಎಂಟು ಕೊಟ್ಟೆ.

ನಾಲ್ಕನೆಯ ಪ್ರಶ್ನೆಯನ್ನು ಕೊನೆಗೆ ಬರೆಯುತ್ತಿದ್ದೇನೆ, ಬರೆಯುವುದು ಕಷ್ಟವೆಂದು. ನಿಮ್ಮ ಮಾತನ್ನು ಕಿವಿಗೊಟ್ಟು ಕೇಳುವವರು ಯಾರಾದರೂ ನಿಮಗೆ ಇದ್ದಾರೆಯೇ?

"ನಿನ್ನ ಮಾತ ಕೇಳೋರು ಅದಾರೇನು ಅಂತ."

ಆಗ ಅವಳು ಕಣ್ಣು ತೆರೆದು ನನ್ನನ್ನು ನೋಡಿದಳು. "ಒಂದು," ಅಂದಳು.

"ನೌ," ಅಂದೆ ನಾನು, ಒಂಬತ್ತು. ಹುಡುಗಿ ಬರೆದುಕೊಂಡು ನಕ್ಕಳು. ಆಂಟಿ ತುಂಬ ಧೈರ್ಯದವರು ಅಂದಳು.

*

ಎರಡನೆಯ ತಿಂಗಳು ಹುಡುಗಿ ಬಂದಾಗ ನನ್ನ ಹೆಂಡತಿ ಅಂಕಿ ಹೇಳಲಿಲ್ಲ.

"ನೀವ ಹೇಳಿಬಿಡ್ರಿ," ಅಂದಳು.

"ನಿನ್ನ ಕೇಳಾಕತ್ತಾಳ, ನನ್ನ ಅಲ್ಲ."

"ನಿಮಗ ಗೊತ್ತೈತೆಲಾ. ಹೇಳ್ರಿ."

ದಣಿದಿದ್ದಾಳೆ ಎಂದುಕೊಂಡೆ. ನನಗೂ ಅದು ಅನುಕೂಲವೇ ಆಯಿತು. ಸುಳ್ಳು ಹೇಳುವಾಗ ಎದುರಿಗೆ ಸತ್ಯ ಕೂತಿರುವುದಿಲ್ಲವಲ್ಲ. ಆ ತಿಂಗಳು ಎಂಟು, ಎಂಟು, ಏಳು, ಒಂಬತ್ತು, ಎಂಟು. ಒಂದೇ ಥರ ಇದ್ದರೆ ಅನುಮಾನ ಬರುತ್ತದೆ ಎಂದು ನಡುವೆ ಒಂದು ತಿಂಗಳು ಆರು ಸೇರಿಸಿದೆ. ಹೀಗೆ ಏಳು ತಿಂಗಳು. ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು, ನಾನು ಅವಳ ಸಂತೋಷವನ್ನು ಬರೆಸುತ್ತಿದ್ದೆ.

ಆ ಏಳು ತಿಂಗಳಲ್ಲಿ ಮನೆಯಲ್ಲಿ ಏನಾಗುತ್ತಿತ್ತು ಎಂದು ನೆನಪಿಸಿಕೊಳ್ಳಲು ಹೋದರೆ ನನಗೆ ಸಿಗುವುದು ಬಹಳ ಕಡಿಮೆ. ನೋಡಿದ್ದರಲ್ಲವೇ ನೆನಪಿರುವುದು. ಅವಳು ಕಸೂತಿ ಹಾಕುವುದನ್ನು ನಿಲ್ಲಿಸಿದ್ದಳು. ಮದುವೆಯಾಗಿ ಬಂದ ದಿನದಿಂದ ಅವಳ ಕೈಯಲ್ಲಿ ಒಂದಲ್ಲ ಒಂದು ಬಟ್ಟೆ ಇರುತ್ತಿತ್ತು. ಎಳೆ ಎಣಿಸಿ ಹಾಕುವ ಗೋಪುರ, ತೇರು, ನವಿಲು. ಹಿಂದೆ ಮುಂದೆ ಎರಡೂ ಕಡೆ ಒಂದೇ ಸಮ, ಎಲ್ಲೂ ಗಂಟು ಕಾಣಬಾರದು. ಡಯಾಲಿಸಿಸ್ಸಿಗೆಂದು ಎಡಗೈಯ ನರ ಜೋಡಿಸಿದ ಮೇಲೆ ಆ ಕೈ ಹಗ್ಗ ಸುತ್ತಿದ ಹಾಗೆ ಉಬ್ಬಿತ್ತು, ಬಟ್ಟೆ ಬಿಗಿಹಿಡಿಯಲು ಆಗುತ್ತಿರಲಿಲ್ಲ. ಅರ್ಧ ಹಾಕಿದ ಒಂದು ಸೀರೆ ಸೆರಗು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಪಾಟಿನ ಮೇಲೆ ಹೋಗಿತ್ತು. ಅದು ಯಾವಾಗ ಅಲ್ಲಿಗೆ ಹೋಯಿತು ಎಂದು ನನಗೆ ಗೊತ್ತಿಲ್ಲ.

ಮಗಳು ಮದುವೆಯಾಗಿ ಅಂಧೇರಿಯಲ್ಲಿದ್ದಳು. ಭಾನುವಾರ ಬರುತ್ತಿದ್ದಳು, ಅಮ್ಮನ ಹತ್ತಿರ ಕೂರುತ್ತಿದ್ದಳು, ನಾನು ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಇಬ್ಬರೂ ಸುಮ್ಮನಾಗಿರುತ್ತಿದ್ದರು. ಯಾರಾದರೂ ಫೋನಿನಲ್ಲಿ ವಿಚಾರಿಸಿದರೆ ನಾನು, "ಆರಾಮ ಅದಾಳ್ರಿ. ವಾರಕ್ಕ ಎರಡ ಸಲ ಹೋಗಿ ಬರೂದು, ಅಷ್ಟ," ಅನ್ನುತ್ತಿದ್ದೆ.

*

ಎಂಟನೆಯ ಸಲ ಹುಡುಗಿ ಬಂದಾಗ ಜೂನ್. ಮೊದಲ ಮಳೆ ಬಂದು ವಡಾಲ ಸ್ಟೇಷನ್ನಿನಿಂದ ಕೇಂದ್ರದವರೆಗಿನ ರಸ್ತೆಯೆಲ್ಲ ಕೆಸರಾಗಿತ್ತು. ಅವಳ ಜೊತೆ ಆ ತಿಂಗಳಷ್ಟೇ ಕೆಲಸಕ್ಕೆ ಸೇರಿದ ಒಬ್ಬ ನರ್ಸ್ ಇದ್ದಳು. ಮಂಗಳೂರು ಕಡೆಯವಳು, ನಲವತ್ತರ ಹತ್ತಿರದ ವಯಸ್ಸು. ಹುಡುಗಿಯ ಕೈಯಲ್ಲಿ ಕನ್ನಡದಲ್ಲಿ ಟೈಪ್ ಮಾಡಿದ ಹಾಳೆ ಇತ್ತು. ಮನೆಯವರ ಮೂಲಕ ಕೇಳಬಾರದು ಎಂದು ಅವರ ಪ್ರೊಫೆಸರ್ ಹೇಳಿದ್ದಾರಂತೆ. ಇನ್ನು ಮೇಲೆ ನರ್ಸೇ ಕನ್ನಡದಲ್ಲಿ ಕೇಳುತ್ತಾಳೆ, ನಾನು ಹೊರಗೆ ಕೂರಬೇಕು.

"ನಾ ಇಲ್ಲಂದ್ರ ಆಕಿಗೆ ನಾಚಿಕಿ ಆಗತೈತಿ," ಅಂದೆ.

ನರ್ಸ್ ನಕ್ಕಳು. "ಇಲ್ಲ ಸಾರ್, ಹೆಂಗಸರು ಹೆಂಗಸರು ಮಾತಾಡ್ತೇವೆ. ಐದು ಪ್ರಶ್ನೆ ಅಷ್ಟೇ ಅಲ್ವಾ. ನೀವು ಒಂದು ಚಾ ಕುಡ್ದು ಬನ್ನಿ."

ನಾನು ಹೆಂಡತಿಯ ಮುಖ ನೋಡಿದೆ. ಅವಳು ನನ್ನನ್ನು ನೋಡಲಿಲ್ಲ. ನರ್ಸ್ ಕೂರಲಿ ಎಂದು ಹಾಸಿಗೆಯ ಮೇಲಿನ ಟವೆಲನ್ನು ಸರಿಸುತ್ತಿದ್ದಳು.

ಚಹಾ ಕುಡಿಯಲು ಹೋಗಲಿಲ್ಲ. ಹಾಲಿನ ಬಾಗಿಲಿಗೆ ಒಂದು ಗಾಜಿನ ಕಿಂಡಿಯಿದೆ, ಅಲ್ಲಿಂದ ಅವಳ ಮಂಚ ಕಾಣುತ್ತದೆ. ನರ್ಸ್ ಪ್ರಶ್ನೆ ಓದಿದಳು. ನನ್ನ ಹೆಂಡತಿ ಮಾತಾಡಲು ಶುರುಮಾಡಿದಳು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ನರ್ಸ್ ಬರೆಯುತ್ತಿರಲಿಲ್ಲ, ಪೆನ್ನನ್ನು ಮಡಿಲಲ್ಲಿಟ್ಟು ಕೂತಿದ್ದಳು. ನನ್ನ ಹೆಂಡತಿ ಸೂಜಿಯಿಲ್ಲದ ಬಲಗೈಯನ್ನು ಎತ್ತಿ ಏನೋ ತೋರಿಸುತ್ತಿದ್ದಳು, ಮತ್ತೆ ಇಳಿಸುತ್ತಿದ್ದಳು. ಅವಳು ಒಂದೇ ಸಮನೆ ಅಷ್ಟು ಹೊತ್ತು ಮಾತಾಡಿದ್ದನ್ನು ನಾನು ಎಷ್ಟೋ ವರ್ಷಗಳಿಂದ ನೋಡಿರಲಿಲ್ಲ. ಐದು ಪ್ರಶ್ನೆಗೆ ಮುಕ್ಕಾಲು ಗಂಟೆ ಹಿಡಿಯಿತು.

ನರ್ಸ್ ಹೊರಗೆ ಬಂದಾಗ ಅವಳ ಮುಖದಲ್ಲಿ ನಗು ಇರಲಿಲ್ಲ. ನನ್ನನ್ನು ಕಾರಿಡಾರಿನ ತುದಿಗೆ ಕರೆದಳು.

"ಸಾರ್, ಅವರು ಹೇಳಿದ್ದೆಲ್ಲ ನಾನು ನಿಮಗೆ ಹೇಳ್ಲಿಕ್ಕೆ ಆಗುವುದಿಲ್ಲ. ಆದ್ರೆ ಒಂದು ವಿಷಯ ಡಾಕ್ಟರಿಗೆ ಹೇಳ್ಲೇಬೇಕು. ನಿಮಗೂ ಹೇಳ್ಲಿಕ್ಕೆ ಅವರು ಒಪ್ಪಿದ್ದಾರೆ. ಅವರು ಸಂಕ್ರಾಂತಿಯಿಂದ ಮಾತ್ರೆ ತಗೊಳ್ತಾ ಇಲ್ಲ."

"ಯಾವ ಮಾತ್ರೆ?"

"ಬೀಪಿದು, ಹಾರ್ಟಿಂದು. ಯಾವುದೂ ಇಲ್ಲ."

"ದಿನಾ ನಾನ ಕೈಯಾಗ ಕೊಡ್ತೀನಿ."

"ಕೊಡ್ತೀರಿ. ಅವರು ನುಂಗುವುದಿಲ್ಲ." ಸ್ವಲ್ಪ ತಡೆದು ಕೇಳಿದಳು. "ಹಿಂದಿನ ಹಾಳೆಯಲ್ಲೆಲ್ಲ ಎಂಟು, ಒಂಬತ್ತು ಉಂಟಲ್ಲ, ಅದು ಹೇಳಿದ್ದು ಯಾರು ಸಾರ್?"

ನಾನು ಹಾಲಿನ ಬಾಗಿಲ ಕಡೆ ನೋಡಿದೆ. ಅವಳು ಎರಡನೆಯ ಸಲ ಕೇಳಲಿಲ್ಲ.

ಅದೇ ದಿನ ಕೌನ್ಸೆಲರ್ ಬಾಯಿ ನಮ್ಮಿಬ್ಬರನ್ನೂ ಕೂರಿಸಿಕೊಂಡರು. ವಯಸ್ಸಾದ ಮರಾಠಿ ಹೆಂಗಸು, ನಿಧಾನ ಮಾತು. ಅವರು ನನ್ನನ್ನು ಬೈಯಲಿಲ್ಲ. ನಿಮ್ಮ ಅಂಕಿ ಮೊದಲ ತಿಂಗಳೇ ನಮಗೆ ಸಿಕ್ಕಿದ್ದರೆ ಆಗಲೇ ಕರೆಯುತ್ತಿದ್ದೆವು ಎಂದು ಹೇಳಿದ್ದು ನನ್ನ ಹೆಂಡತಿಗೆ, ನನಗಲ್ಲ. ನನ್ನ ಹೆಂಡತಿ ತಲೆಯಾಡಿಸಿದಳು. ಡಾಕ್ಟರ್ ಹೃದಯದ ಪರೀಕ್ಷೆ ಮಾಡಿಸಿದರು. ಐದು ತಿಂಗಳು ರಕ್ತದೊತ್ತಡ ಏರಿದ್ದರಿಂದ ಹೃದಯ ದಣಿದು ಹಿಗ್ಗಿದೆ, ಇನ್ನು ಮಾತ್ರೆ ತಪ್ಪಿಸದಿದ್ದರೆ ನೋಡೋಣ ಅಂದರು.

*

ಮನೆಗೆ ಟ್ಯಾಕ್ಸಿಯಲ್ಲಿ ಬಂದೆವು. ಮನೆಯೊಳಗೆ ಬಂದು ಚಪ್ಪಲಿ ಬಿಟ್ಟ ಮೇಲೆ ಕೇಳಿದೆ.

"ಇಷ್ಟು ದಿನ ನನಗ ಯಾಕ ಹೇಳಲಿಲ್ಲ ನೀ?"

ಅವಳು ಕುರ್ಚಿಯಲ್ಲಿ ಕೂತು ಕಾಲು ನೀವಿಕೊಳ್ಳುತ್ತಿದ್ದಳು. "ಹೇಳಿದ್ನೆಲಾ. ಎರಡ ಅಂತ ಹೇಳಿದೆ. ನೀವು ಆಠ್ ಅಂದ್ರಿ."

"ನಿನಗ ತಿಳಿದಿತ್ತೇನು?"

"ಈ ಊರಿಗೆ ಬಂದು ಮೂವತ್ತೆರಡ ವರ್ಷ ಆತು. ದಿನಾ ಭಾಜಿ ತರಾಕಿ ನಾನು. ದೋ ಯಾವುದು, ಆಠ್ ಯಾವುದು ತಿಳಿಯೂದಿಲ್ಲೇನು?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಎದುರು ಮಾತಾಡಿ ಹಗುರಾಗುತ್ತಿದ್ದೆನೋ ಏನೋ.

"ಅವತ್ತ ಅಲ್ಲೇ ಅನ್ನಬೇಕಿತ್ತು, ಸುಳ್ಳು ಹೇಳಾಕತ್ತಾನ ಅಂತ."

"ಯಾರ ಮುಂದ? ಆ ಹುಡುಗಿ ಮುಂದ ನಿಮ್ಮ ಮುಖ ಇಳಸ್ಲೇನು?" ಅಂದಳು. ಆಮೇಲೆ, "ನನಗ ಅದೇನ ಹೊಸಾದಲ್ಲ ಬಿಡ್ರಿ. ವಡಾಲದ ಖೋಲಿ ನೆನಪೈತೇನು ನಿಮಗ?" ಎಂದು ಕೇಳಿದಳು.

ನೆನಪಿತ್ತು. ಮದುವೆಯಾದ ಮರುವರ್ಷ. ವಡಾಲದ ಚಾಳಿನಲ್ಲಿ ಒಂದೇ ಕೋಣೆಯ ಖೋಲಿ, ನಲ್ಲಿಗೆ ಸರದಿ. ಅವಳಿಗೆ ಐದು ತಿಂಗಳು ತುಂಬಿದ್ದ ಗರ್ಭ ಹೋಗಿತ್ತು. ಆಸ್ಪತ್ರೆಯಿಂದ ಬಂದ ಮೂರನೆಯ ದಿನ ಅವಳ ತಾಯಿಗೆ ಫೋನ್ ಮಾಡಲು ಮೂಲೆಯ ಫೋನ್ ಬೂತಿಗೆ ಕರೆದುಕೊಂಡು ಹೋಗಿದ್ದೆ. ಊರಿನಲ್ಲಿ ಪೋಸ್ಟಾಫೀಸಿನ ಹತ್ತಿರದ ಒಂದು ಮನೆಗೆ ಮಾಡಿ, ಅತ್ತೆಯನ್ನು ಕರೆಸಿದ್ದಾಯಿತು. ರಿಸೀವರ್ ನನ್ನ ಕೈಯಲ್ಲಿತ್ತು. ಅತ್ತೆಗೆ ಮುಪ್ಪು, ಹೇಳಿದರೆ ಎದೆಯೊಡೆದುಕೊಳ್ಳುತ್ತಾರೆ ಎಂದು, "ಆರಾಮ ಅದಾಳ್ರಿ, ಏನೂ ಚಿಂತಿ ಮಾಡಬ್ಯಾಡ್ರಿ," ಅಂದೆ. ಆಮೇಲೆ ರಿಸೀವರ್ ಅವಳಿಗೆ ಕೊಟ್ಟೆ. ನಾನು ಆರಾಮ ಅಂದ ಮೇಲೆ ಅವಳಾದರೂ ಏನು ಹೇಳಿಯಾಳು? ಹೂಂ ಅವ್ವ, ಹೂಂ ಅವ್ವ ಅಂದಳು. ಅತ್ತೆ ಆ ಚಳಿಗಾಲದಲ್ಲಿಯೇ ತೀರಿಕೊಂಡರು. ಮಗಳಿಗೆ ಆದದ್ದು ಅವರಿಗೆ ತಿಳಿಯಲಿಲ್ಲ.

"ನಮ್ಮವ್ವನ ಮುಂದ ಒಮ್ಮೆ ಅಳಬೇಕಿತ್ತು ನಾ," ಅಂದಳು. "ಅಷ್ಟ ಬೇಕಾಗಿತ್ತು."

ಆ ಕೂಸಿನ ಮಾತನ್ನು ಅವಳು ಅಷ್ಟು ವರ್ಷಗಳಲ್ಲಿ ಎತ್ತಿದ್ದು ಅದೇ ಮೊದಲು. ನಾನು ಏನಾದರೂ ಹೇಳಬೇಕಿತ್ತು. ಹೇಳಿದ್ದು ಇಷ್ಟೇ. "ಗುಳಿಗಿ ಯಾಕ ಬಿಟ್ಟಿ?"

"ಸಾಕಾಗಿತ್ತು. ನುಂಗಿ ನುಂಗಿ ಎಲ್ಲಿಗ ಹೋಗೂದು? ಮತ್ತ ಮಂಗಳವಾರ, ಮತ್ತ ಶುಕ್ರವಾರ. ನೀವು ಕೊಟ್ಟಾಗ ಬಾಯಾಗ ಇಟ್ಕೊಂಡು ಮೋರಿಗೆ ಹೋಗಿ ಉಗಳ್ತಿದ್ದೆ. ಮೊದಲ ದಿನ ಅಂಜಿಕಿ ಆತು, ನೋಡ್ತೀರೇನೋ ಅಂತ. ನೀವು ಪೇಪರ್ ಓದಾಕತ್ತಿದ್ರಿ."

ಇನ್ನು ಮೇಲೆ ತೆಗೆದುಕೊಳ್ಳುತ್ತೀಯಾ ಎಂದು ಕೇಳಿದೆ. ಆ ನರ್ಸಿಗೆ ಮಾತು ಕೊಟ್ಟಿದ್ದೇನೆ, ತೆಗೆದುಕೊಳ್ಳುತ್ತೇನೆ ಅಂದಳು. ನನಗೆ ಕೊಟ್ಟ ಮಾತಲ್ಲ ಅದು.

*

ಜೂನ್, ಜುಲೈ, ಆಗಸ್ಟ್. ಮೂರು ಸಲ ಅವಳೇ ಉತ್ತರ ಕೊಟ್ಟಳು. ಮೂರು ಸಲವೂ ನಾನು ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಕಿಂಡಿಯಲ್ಲಿ ಇಣುಕುವುದನ್ನು ಬಿಟ್ಟೆ. ಕೌನ್ಸೆಲರ್ ಬಾಯಿ ಶುಕ್ರವಾರ ಅರ್ಧ ಗಂಟೆ ಅವಳ ಹತ್ತಿರ ಕೂರುತ್ತಿದ್ದರು, ಭಾಷೆ ತೊಡಕಾದಲ್ಲಿ ನರ್ಸ್ ನೆರವಾಗುತ್ತಿದ್ದಳು. ಆಗಸ್ಟಿನಲ್ಲಿ ಹಾಳೆ ತುಂಬಿದ ದಿನ ಬಸ್ಸಿಗೆ ಕಾಯುತ್ತಾ ನಾನು ಮೆಲ್ಲಗೆ ಕೇಳಿದೆ.

"ಇವತ್ತ ಎಷ್ಟ ಕೊಟ್ಟಿ?"

"ಅದು ನಂದು," ಅಂದಳು. ಆಮೇಲೆ ನನ್ನ ತೋಳು ಹಿಡಿದು ಬಸ್ಸು ಹತ್ತಿದಳು.

ಆ ತಿಂಗಳುಗಳಲ್ಲಿ ನಾನು ಒಳ್ಳೆಯವನಾದೆ ಎಂದು ಹೇಳಲಾರೆ. ಅವಳ ಪಕ್ಕದಲ್ಲಿ ಕೂತು ಏನಾದರೂ ಹೇಳು ಅನ್ನುತ್ತಿದ್ದೆ, ಅವಳು ಒಂದೆರಡು ಮಾತು ಹೇಳುವಷ್ಟರಲ್ಲಿ, "ಅದೆಲ್ಲ ಸರಿ ಹೋಗತೈತಿ ಬಿಡು," ಎಂದು ಬಾಯಿಗೆ ಬರುತ್ತಿತ್ತು. ಅದು ಬಂದ ಕೂಡಲೆ ಅವಳು ನಿಲ್ಲಿಸುತ್ತಿದ್ದಳು. ಒಮ್ಮೆ ಮಾತ್ರ ಪೂರ್ತಿ ಕೇಳಿದೆ. ಸೂಜಿ ಚುಚ್ಚುವಾಗ ಅವಳಿಗೆ ನೋವಿಗಿಂತ ಹೆಚ್ಚಾಗಿ, ತನ್ನ ರಕ್ತ ನಳಿಗೆಯಲ್ಲಿ ಹೊರಗೆ ಹೋಗುವುದು ಕಾಣುತ್ತದಲ್ಲ, ಆಗ ಅದು ವಾಪಸು ಬರುವುದೇ ಬೇಡ ಅನ್ನಿಸುತ್ತದಂತೆ. ಆ ಮಾತು ಕೇಳಿ ನಾನು ಎದ್ದು ಅಡಿಗೆ ಮನೆಗೆ ಹೋಗಿ ನಿಂತೆ. ಮರಳಿ ಬಂದಾಗ ಅವಳು ಟೀವಿ ಹಾಕಿಕೊಂಡಿದ್ದಳು.

ಗಣಪತಿ ಹಬ್ಬ ಮುಗಿದ ವಾರ, ಸೋಮವಾರ ಮಧ್ಯಾಹ್ನ, ಚವಳೀಕಾಯಿ ಮುರಿಯುತ್ತಾ ಕೂತವಳು ಉಸಿರು ಸಿಗುತ್ತಿಲ್ಲ ಅಂದಳು. ತಟ್ಟೆ ಮಡಿಲಿಂದ ಜಾರಿತು. ಪಕ್ಕದ ಮನೆಯವರ ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿ ಎಲ್ಲ ಮಾಡಿದರು. ಮಗಳು ಅಂಧೇರಿಯಿಂದ ಬರುವ ಹೊತ್ತಿಗೆ ಮುಖಕ್ಕೆ ಮಾಸ್ಕ್ ಹಾಕಿದ್ದರು, ಮಾತಿಲ್ಲ. ಮಗಳ ಕೈ ಹಿಡಿದುಕೊಂಡಳು. ಮರುದಿನ ಹತ್ತು ಗಂಟೆಗೆ ಹೋದಳು. ಅದು ಮಂಗಳವಾರ. ಹೃದಯ ಮೊದಲೇ ಸೋತಿತ್ತು ಎಂದು ಡಾಕ್ಟರ್ ಹೇಳಿದರು. ಆ ಐದು ತಿಂಗಳು ಮಾತ್ರೆ ಬಿಡದಿದ್ದರೆ ಎಂದು ಕೇಳಿದೆ. ಅವರು ನನ್ನ ಭುಜ ಮುಟ್ಟಿದರು.

*

ಹದಿನಾಲ್ಕನೆಯ ದಿನ ಆ ಹುಡುಗಿ ಮತ್ತು ನರ್ಸ್ ಮನೆಗೆ ಬಂದರು. ಹುಡುಗಿ ಗೋಡೆಯ ಮೇಲಿನ ಫೋಟೋದ ಮುಂದೆ ಬಹಳ ಹೊತ್ತು ನಿಂತಳು. ನಾನು ಚಹಾ ಮಾಡಿಕೊಟ್ಟೆ. ಅವರು ಹೊರಡುವ ಮುಂಚೆ, ಆಕೆಯ ಕೊನೆಯ ಮೂರು ಹಾಳೆಗಳನ್ನು ಒಮ್ಮೆ ತೋರಿಸುತ್ತೀರಾ ಎಂದು ಹಿಂದಿಯಲ್ಲಿ ಕೇಳಿದೆ. ಹಾಳೆ ತೋರಿಸದಿದ್ದರೂ ಅಂಕಿಯಷ್ಟೇ ಹೇಳಿದರೆ ಸಾಕು ಅಂದೆ.

ಹುಡುಗಿ ಕಣ್ಣು ಕೆಳಗೆ ಮಾಡಿದಳು. ಆಗುವುದಿಲ್ಲ ಅಂಕಲ್, ಅದು ಬೇರೆ ಯಾರಿಗೂ ತೋರಿಸುವುದಿಲ್ಲ ಎಂದು ಆಂಟಿಗೆ ಹೇಳಿಯೇ ಸಹಿ ತೆಗೆದುಕೊಂಡಿದ್ದೇವೆ ಅಂದಳು.

"ಮತ್ತ ನಾ ಹೇಳಿದ ಆ ಏಳು ಹಾಳಿ?"

ನರ್ಸ್ ಅದನ್ನು ಅವಳಿಗೆ ಹಿಂದಿಯಲ್ಲಿ ಹೇಳಿದಳು. ಅವನ್ನು ಅಧ್ಯಯನದಿಂದ ತೆಗೆದುಹಾಕಿದ್ದೇವೆ ಎಂದಳು ಹುಡುಗಿ. ಬೇರೆಯವರ ಉತ್ತರಗಳು ಅವು, ಲೆಕ್ಕಕ್ಕೆ ಬರುವುದಿಲ್ಲ. ಅವಳು ಅದನ್ನು ನನ್ನನ್ನು ನೋಯಿಸಲು ಹೇಳಲಿಲ್ಲ. ತಪ್ಪು ತನ್ನದೂ ಇದೆ, ಮೊದಲ ದಿನವೇ ನಿಮ್ಮನ್ನು ಕೇಳಲು ಹೇಳಬಾರದಿತ್ತು ಎಂದು ಅಳತೊಡಗಿದಳು. ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸಿನ ಹುಡುಗಿ. ನನ್ನ ಸುಳ್ಳನ್ನು ಅವಳೂ ಹೊತ್ತುಕೊಂಡಿದ್ದಳು. ಇಲ್ಲಮ್ಮ, ತಪ್ಪು ನನ್ನದು ಎಂದು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲ ಸಲ.

ಒಮ್ಮೆ ಹೇಳಿದ ಮೇಲೆ ಮಗಳಿಗೆ ಹೇಳದೆ ಇರಲು ಆಗಲಿಲ್ಲ. ಮುಂದಿನ ಭಾನುವಾರ ಅವಳು ಅಮ್ಮನ ಸೀರೆಗಳನ್ನು ಮಡಿಸುತ್ತಾ ಕೂತಿದ್ದಾಗ ಎಲ್ಲ ಹೇಳಿದೆ. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಮಾತಾಡುವಾಗ ತಡವರಿಸುತ್ತಾಳೆ.

"ಅಮ್ಮ ಎರಡು ಬೋಲೀ, ನೀವು ಎಂಟು ಲಿಖ್‌ವಾಯಾ?"

"ಹೂಂ."

"ಅಮ್ಮಗೆ ಗೊತ್ತಿತ್ತಾ? ದಟ್ ಯು ವರ್ ಲೈಯಿಂಗ್?"

"ಮೊದಲ ದಿನದಿಂದ."

"ಆ ನಾಲ್ಕನೇದು, ಮಾತು ಕೇಳೋರು, ಅದಕ್ಕೆ ಏನು ಹೇಳಿದ್ಳು?"

"ಒಂದು."

"ಮತ್ತೆ ನೀವು?"

ನಾನು ಒಂಬತ್ತು ಎಂದೆ. ಅವಳು ಕೈಯಲ್ಲಿದ್ದ ಸೀರೆಯನ್ನು ಅರ್ಧ ಮಡಿಸಿದಂತೆಯೇ ಕೆಳಗಿಟ್ಟಳು. ಬ್ಯಾಗು ತೆಗೆದುಕೊಂಡು ಸ್ಟೇಷನ್ನಿಗೆ ಹೋದಳು. ಊಟಕ್ಕೆ ನಿಲ್ಲು ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಮುಂದಿನ ಭಾನುವಾರ ಬರಲಿಲ್ಲ, ಅದರ ಮುಂದಿನದೂ ಇಲ್ಲ. ಫೋನ್ ಮಾಡಿದರೆ ಮೀಟಿಂಗಿನಲ್ಲಿದ್ದೇನೆ ಎಂದು ಮೆಸೇಜು ಬರುತ್ತಿತ್ತು.

ಮೂರನೆಯ ಭಾನುವಾರ ಬಂದಳು. ಚಪ್ಪಲಿ ಬಿಟ್ಟು, ನೀರು ಕುಡಿದು, ನನ್ನ ಎದುರಿಗೆ ಕುರ್ಚಿ ಎಳೆದುಕೊಂಡು ಕೂತಳು.

"ಅಪ್ಪಾ, ನಾನು ಒಂದು ಹೇಳ್ತೀನಿ. ನೀವು ಬೀಚ್ ಮೇ ಮತ್ ಬೋಲಿಯೆ. ಸುಮ್ಮನೆ ಕೇಳಿ. ಓಕೆ?"

ನಾನು ಸರಿ ಅಂದೆ.

ಅವಳು ಒಂದು ವರ್ಷದ ಹಿಂದೆಯೇ ಗಂಡನನ್ನು ಬಿಟ್ಟಿದ್ದಳು. ಅಮ್ಮ ಹೋದಾಗಲೂ ಅವನು ಬಾರದ್ದಕ್ಕೆ ಊರಲ್ಲಿಲ್ಲ ಅಂದಿದ್ದಳು, ನಾನು ನಂಬಿದ್ದೆ. ಅಂಧೇರಿಯಲ್ಲಿ ಆಫೀಸಿನ ಇಬ್ಬರು ಹುಡುಗಿಯರ ಜೊತೆ ಒಂದು ಫ್ಲಾಟಿನಲ್ಲಿದ್ದಾಳೆ. ಅವನು ಹೊಡೆಯುತ್ತಿದ್ದ. ಮೊದಲು ಮಾತಿನಲ್ಲಿ, ಆಮೇಲೆ ಕೈಯಲ್ಲಿ. ಅಮ್ಮನಿಗೆ ಎಲ್ಲ ಗೊತ್ತಿತ್ತು. ಭಾನುವಾರ ನಾನು ಅಂಗಡಿಗೆ ಹೋದಾಗ ಇಬ್ಬರೂ ಅದೇ ಮಾತಾಡುತ್ತಿದ್ದರು. ಹೊರಗೆ ಬಾ, ನಾನಿದ್ದೇನೆ ಎಂದು ಹೇಳಿದ್ದು ಅಮ್ಮನೇ. ಅಪ್ಪನಿಗೆ ನಾನು ಹೇಳುತ್ತೇನೆ, ಸಮಯ ನೋಡಿ ಹೇಳುತ್ತೇನೆ ಎಂದೂ ಹೇಳಿದ್ದಳಂತೆ. ಆದರೆ ಆ ದಿನಗಳಲ್ಲಿ ನಾನು ಊರಿನವರಿಗೆಲ್ಲ ಫೋನಿನಲ್ಲಿ, ಮಗಳು ಅಳಿಯ ಆರಾಮ ಅದಾರ ಎಂದು ಹೇಳುತ್ತಿದ್ದೆ. ನನ್ನ ಹೆಂಡತಿ ಒಳಗಿನಿಂದ ಅದನ್ನು ಕೇಳುತ್ತಿದ್ದಳು.

"ಅಮ್ಮ ಎವ್ರಿ ವೀಕ್ ಹೇಳೋಳು, ಇನ್ನೂ ಹೇಳಿಲ್ಲ ಮಗಾ, ನಿಮ್ಮಪ್ಪ ಕೇಳೋ ಹಂಗಿಲ್ಲ ಅಂತ," ಅಂದಳು ಮಗಳು. "ಶಿ ವಾಸ್ ಸೋ ಟೈರ್ಡ್, ಅಪ್ಪಾ. ನಂದು ಕೂಡ ಹೊತ್ಕೊಂಡಿದ್ಳು."

ಹೇಳುವಾಗ ಅವಳು ಎಡ ಮೊಣಕೈಯನ್ನು ಬಲಗೈಯಲ್ಲಿ ಹಿಡಿದುಕೊಂಡಿದ್ದಳು. ಅಲ್ಲಿ ಒಂದು ಹಳೆಯ ಕಲೆ ಇತ್ತು. ಅದು ನನ್ನ ಕಣ್ಣಿಗೆ ಮೊದಲು ಯಾವತ್ತೂ ಬಿದ್ದಿರಲಿಲ್ಲ. ಎರಡು ಮೂರು ಸಲ ನನ್ನ ಬಾಯಿಗೆ ಮಾತು ಬಂತು. ತುಟಿ ಬಿಗಿಹಿಡಿದು ಕೂತೆ. ಅವಳು ಕನ್ನಡ ಸಿಗದಲ್ಲಿ ಹಿಂದಿಗೆ ಹೋಗಿ, ಹಿಂದಿಯೂ ಸಾಲದಲ್ಲಿ ಇಂಗ್ಲಿಷಿಗೆ ಹೋಗಿ, ಯಾವುದರಲ್ಲಿಯೂ ಆಗದಾಗ ಸುಮ್ಮನೆ ಕೂತು, ಮತ್ತೆ ಮೊದಲಿನಿಂದ ಹೇಳುತ್ತಿದ್ದಳು. ಕೋರ್ಟಿನ ತಾರೀಖು ಬರುವ ತಿಂಗಳಿದೆ ಅಂದಳು. ನಾನು ಬರಲೇ ಎಂದು ಕೇಳಲು ಅವಳು ಮುಗಿಸುವವರೆಗೆ ಕಾಯ್ದೆ.

"ನೋಡೋಣ," ಅಂದಳು. "ಈಗಲೇ ಹೇಳಕ್ಕಾಗಲ್ಲ."

ಎರಡು ಗಂಟೆ ದಾಟಿತ್ತು. ನಾನು ಎದ್ದು ಅನ್ನಕ್ಕಿಟ್ಟೆ. ಅವಳು ಬಾಲ್ಕನಿಯ ಬಾಗಿಲಿನಲ್ಲಿ ನಿಂತು ಯಾರಿಗೋ ಫೋನ್ ಮಾಡಿ, ಹೇಳಿಬಿಟ್ಟೆ ಎಂದು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು.